ಜಗುಲಿಯ ಟಿವಿ 65 ಸೆಂಟಿಮೀಟರ್ ಕೆಳಗೆ ಬಂದದ್ದು

ಗೋಡೆಯ ಮೇಲಿದ್ದ ಟಿವಿಯನ್ನು 65 ಸೆಂಟಿಮೀಟರ್ ಕೆಳಗಿಳಿಸಲು ನನಗೆ ಐದು ದಿನ ಹಿಡಿಯಿತು. ಡ್ರಿಲ್ ಹಿಡಿದದ್ದು ಅದರಲ್ಲಿ ಅರ್ಧ ದಿನ ಮಾತ್ರ. ಉಳಿದ ಹೊತ್ತೆಲ್ಲ ಹೋದದ್ದು ಟೇಪು ಹಿಡಿದು ಮನೆಯವರ ಕಣ್ಣಿನ ಎತ್ತರ ಅಳೆಯುವುದರಲ್ಲಿ, ಆಮೇಲೆ ಅವರ ಜೊತೆ ವಾದ ಮಾಡುವುದರಲ್ಲಿ.

ಮನೆ ಇರುವುದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಜಂಬಿಟ್ಟಿಗೆ ಗೋಡೆ, ಕೆಂಪು ಸಿಮೆಂಟಿನ ನೆಲ, ಹೆಂಚಿನ ಮಾಡು. ಪೇಟೆಯವರು ಹಾಲ್ ಅನ್ನುವುದಕ್ಕೆ ನಮ್ಮಲ್ಲಿ ಜಗುಲಿ ಅನ್ನುತ್ತೇವೆ. ಟಿವಿ ಅಲ್ಲೇ ಇರುವುದು, 43 ಇಂಚಿನದು. ಎರಡು ವರ್ಷದ ಹಿಂದೆ ಅದನ್ನು ಕೊಂಡಾಗ ನಾನು ಊರಲ್ಲಿರಲಿಲ್ಲ. ಫಿಟ್ ಮಾಡಲು ಬಂದ ಹುಡುಗ "ಎಲ್ಲಿ ಹಾಕ್ಲಿ ಅಂಕಲ್?" ಎಂದು ಕೇಳಿದನಂತೆ. ಅಪ್ಪ ಎದ್ದು ಬಂದು ಗೋಡೆ ನೋಡಿದರು. ಹುಡುಗನೂ ನಿಂತೇ ಇದ್ದ. ಕರೆಂಟ್ ಪಾಯಿಂಟ್ ಐದೂವರೆ ಅಡಿ ಎತ್ತರದಲ್ಲಿತ್ತು. ಹಿಂದೆ ಡಬ್ಬಿ ಟಿವಿ ಇದ್ದ ಕಾಲದಲ್ಲಿ ಅದನ್ನು ಮಕ್ಕಳ ಕೈಗೆ ಸಿಗದ ಹಾಗೆ ಹಲಗೆ ಹೊಡೆದು ಮೇಲಿಟ್ಟಿದ್ದರಲ್ಲ, ಆಗಿನ ಪಾಯಿಂಟ್ ಅದು. ಅದು ಮುಚ್ಚಿಹೋಗುವ ಹಾಗೆ, ಬಾಗಿಲಿನ ಲಿಂಟಲ್ ಮಟ್ಟಕ್ಕೆ ಸರಿಯಾಗಿ ಟಿವಿ ಏರಿತು. ನಿಂತು ನೋಡಿದ ಇಬ್ಬರಿಗೂ ಚೆನ್ನಾಗಿ ಕಂಡಿತು. ಆದರೆ ನಮ್ಮ ಮನೆಯಲ್ಲಿ ನಿಂತುಕೊಂಡು ಟಿವಿ ನೋಡುವವರು ಯಾರೂ ಇಲ್ಲ.

ಅಮ್ಮ ನೋಡುವುದು ನೆಲದಲ್ಲಿ ಕೂತು. ಸಂಜೆ ಧಾರಾವಾಹಿಯ ಹೊತ್ತಿಗೆ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾಳೆ. ಮರುದಿನದ ತರಕಾರಿ ಇರುತ್ತದೆ, ಕೊನೆಕೊಯ್ಲಿನ ಕಾಲವಾದರೆ ಒಂದು ಬುಟ್ಟಿ ಅಡಿಕೆ. ಕಣ್ಣು ಒಮ್ಮೆ ಕತ್ತಿಯ ಮೇಲೆ, ಒಮ್ಮೆ ಮಾಡಿನ ಕಡೆ. ಹೀಗೆ ಗಂಟೆಗೆ ನೂರು ಸಲ ಕತ್ತು ಏರಿಳಿಯುತ್ತದೆ. "ಕತ್ತು ಹಿಡ್ಕಂಡಿದೆ" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ನಾನು ದಿಂಬು ಬದಲಿಸು ಅನ್ನುತ್ತಿದ್ದೆ. ಈ ಸಲ ಊರಿಗೆ ಹೋದಾಗ ಅವಳ ಪಕ್ಕ ಚಾಪೆ ಹಾಕಿಕೊಂಡು ಕೂತೆ. ಹತ್ತೇ ನಿಮಿಷಕ್ಕೆ ಗೊತ್ತಾಯಿತು, ದಿಂಬಿನದೇನೂ ತಪ್ಪಿಲ್ಲ.

ಮೊದಲ ದಿನ ಬರೀ ಅಳತೆ. ನೆಲದಿಂದ ಟಿವಿಯ ಕೆಳಅಂಚಿಗೆ 152 ಸೆಂಟಿಮೀಟರ್, ಮೇಲಂಚಿಗೆ 208, ನಡುಮಧ್ಯಕ್ಕೆ 180. ಇನ್ನು ಕಣ್ಣುಗಳು. ಮೆಟ್ಟುಗತ್ತಿಯ ಮೇಲೆ ಕೂತ ಅಮ್ಮನದು ನೆಲದಿಂದ 74. ಆರಾಮ ಕುರ್ಚಿಯಲ್ಲಿ ಒರಗಿದ ಅಪ್ಪನದು 92. ಮಂಚದ ಮೇಲೆ ಕೂತ ನನ್ನದು 105. ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತರೆ 112. ನಾಲ್ಕು ವರ್ಷದ ಮಗಳದ್ದೂ ಅಳೆಯಲು ಹೋದೆ, ಅವಳು ಒಂದು ಕಡೆ ಕೂರಲಿಲ್ಲ. ಗೋಡೆಯಿಂದ ಅಮ್ಮ 2.4 ಮೀಟರ್ ದೂರ, ಅಪ್ಪ 3 ಮೀಟರ್.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲ ಕಡೆ ಸಿಗುವುದು ಒಂದೇ ಲೆಕ್ಕ: ಟಿವಿಯ ನಡುಮಧ್ಯ ನೆಲದಿಂದ 42 ಇಂಚು, ಅಂದರೆ ಸುಮಾರು 107 ಸೆಂಟಿಮೀಟರ್. ಸೋಫಾದಲ್ಲಿ ನೆಟ್ಟಗೆ ಕೂತವರ ಕಣ್ಣಿನ ಮಟ್ಟ ಅದು. ತಪ್ಪೇನಲ್ಲ, ಆದರೆ ನಮ್ಮ ಜಗುಲಿಯಲ್ಲಿ ಸೋಫಾವೇ ಇಲ್ಲ. ನನಗೆ ಕೆಲಸಕ್ಕೆ ಬಂದದ್ದು ಇನ್ನೊಂದು ಲೆಕ್ಕ. ಕಣ್ಣಿನ ಮಟ್ಟದಿಂದ 15 ಡಿಗ್ರಿಗಿಂತ ಮೇಲೆ ತುಂಬಾ ಹೊತ್ತು ನೋಡಬೇಕಾಗಿ ಬಂದರೆ ಕತ್ತು ಹಿಂದಕ್ಕೆ ಬಾಗಲೇಬೇಕು. ಅಷ್ಟಕ್ಕೂ ಕಣ್ಣು ಸುಮ್ನೆ ಬಿಟ್ಟರೆ ಸ್ವಲ್ಪ ಕೆಳಗೇ ನೋಡುತ್ತದೆ, ಮೇಲಲ್ಲ. 15 ಡಿಗ್ರಿ ಅಂದರೆ ದೂರದ ಪ್ರತಿ ಮೀಟರಿಗೆ 27 ಸೆಂಟಿಮೀಟರ್ ಏರಿಕೆ. ಕೋನ ಅಳೆಯುವ ಸಾಧನ ಬೇಡ, ಟೇಪು ಸಾಕು. ಅಮ್ಮ 2.4 ಮೀಟರ್ ದೂರ ಇದ್ದಾಳೆ, ಅಲ್ಲಿಗೆ 65 ಸೆಂಟಿಮೀಟರ್. ಅವಳ ಕಣ್ಣಿನ 74 ಸೇರಿಸಿದರೆ 139. ಅವಳ ಮಿತಿ ಅದು. ನಮ್ಮ ಟಿವಿಯ ಕೆಳಅಂಚೇ 152ರಲ್ಲಿತ್ತು! ಅಂದರೆ ಎರಡು ವರ್ಷದಿಂದ ಅಮ್ಮನಿಗೆ ಟಿವಿಯ ಒಂದಂಗುಲವೂ ಆರಾಮಾಗಿ ಕಾಣುವ ಜಾಗದಲ್ಲಿರಲಿಲ್ಲ. ಮೇಲಂಚಿನ ಲೆಕ್ಕ ಹಾಕಿದರೆ 29 ಡಿಗ್ರಿ.

ಅಪ್ಪನಿಗೆ ಈ ಲೆಕ್ಕ ತೋರಿಸಿದೆ. "ನಂಗೆ ಏನೂ ತೊಂದ್ರೆ ಇಲ್ವಲ್ಲ ಮಾರಾಯ" ಅಂದರು. ಅದು ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ಎರಡನೇ ದಿನ ಹಳೆ ಪೇಪರ್‌ಗಳನ್ನು ಗಮ್ ಟೇಪ್‌ನಲ್ಲಿ ಜೋಡಿಸಿ 96ಕ್ಕೆ 56 ಸೆಂಟಿಮೀಟರಿನ ಒಂದು ಹಾಳೆ ಮಾಡಿದೆ. ಟಿವಿಯ ಅಷ್ಟೇ ಅಳತೆ. ಗೋಡೆಗೆ ಅಂಟಿಸಿ, ಇಳಿಸಿ, ಏರಿಸಿ ನೋಡಿದೆವು. ಜಾಗ ಹೇಗೆ ಕಾಣುತ್ತದೆ ಅನ್ನಲು ಪೇಪರ್ ಅಡ್ಡಿಯಿಲ್ಲ. ಎತ್ತರ ತೀರ್ಮಾನಿಸಲು ಅದು ಸಾಲದು. ಪೇಪರನ್ನು ಯಾರೂ ಎರಡು ಗಂಟೆ ನೋಡುವುದಿಲ್ಲ, ಅಲ್ವಾ? ಒಂದು ನಿಮಿಷ ನೋಡಿ "ಸಮಾ ಇದೆ" ಅನ್ನುತ್ತಾರೆ. ಎರಡು ವರ್ಷದ ಹಿಂದೆ ಆದ ತಪ್ಪೂ ಅದೇ.

ಹಾಗಾಗಿ ಟಿವಿಯನ್ನೇ ಕೆಳಗಿಳಿಸಿದೆ. ಅದರ ಜೊತೆ ಬಂದ ಎರಡು ಕಾಲುಗಳು ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಇದ್ದವು. (ಇಂಥವನ್ನು ಎಸೆಯಬೇಡಿ.) ಊಟದ ಮೇಜನ್ನು ಗೋಡೆಗೆ ಒತ್ತಿ ಇಟ್ಟು, ಕಾಲು ಹಾಕಿದ ಟಿವಿಯನ್ನು ಅದರ ಮೇಲೆ ನಿಲ್ಲಿಸಿದೆ. ಮೇಜು 75, ಕಾಲು 7. ಕೆಳಅಂಚು 82ಕ್ಕೆ, ನಡುಮಧ್ಯ 110ಕ್ಕೆ ಬಂತು. ಎರಡು ರಾತ್ರಿ ನಾವು ನೆಲದ ಮೇಲೆ ಊಟ ಮಾಡಿದೆವು.

ಅಮ್ಮ ಮೊದಲ ಸಂಜೆಯೇ ಪಾಸು. ಬೀನ್ಸ್ ಹೆಚ್ಚುತ್ತಾ ತಲೆ ಎತ್ತದೆ ಕಣ್ಣು ಮಾತ್ರ ಎತ್ತಿ ನೋಡುತ್ತಿದ್ದಳು. ತೊಂದರೆ ಬಂದದ್ದು ಅಪ್ಪನ ಕಡೆಯಿಂದ. ಅರ್ಧ ಗಂಟೆ ಸುಮ್ಮನಿದ್ದರು. ಆಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡರು. ಸ್ವಲ್ಪ ಹೊತ್ತಿಗೆ ತೆಗೆದು ಪಂಚೆಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ಜಾರಿಸಿದರು. "ಮಸುಕು ಮಸುಕು ಕಾಣ್ತದೆ" ಅಂದರು. ಮೇಲಿದ್ದಾಗ ಸರಿಯಾಗಿ ಕಾಣುತ್ತಿದ್ದ ಅದೇ ಟಿವಿ, ಅದೇ ದೂರ.

ಆಗ ಅರ್ಥವಾಯಿತು. ಅಪ್ಪನದು ಎರಡು ಪವರಿನ ಕನ್ನಡಕ. ಮೇಲಿನ ಭಾಗ ದೂರಕ್ಕೆ, ಕೆಳಗಿನ ಭಾಗ ಓದುವುದಕ್ಕೆ. ಆರಾಮ ಕುರ್ಚಿಯಲ್ಲಿ ಒರಗಿದರೆ ತಲೆ ಹಿಂದಕ್ಕೆ ವಾಲುತ್ತದೆ, ಮೂಗು ಮಾಡಿನ ಕಡೆ ತಿರುಗುತ್ತದೆ. ಟಿವಿ ಮೇಲೆ ಇದ್ದಾಗ ಕನ್ನಡಕದ ಮೇಲಿನ ಭಾಗದಿಂದ ನೇರ ಕಾಣುತ್ತಿತ್ತು. ಟಿವಿ ಕೆಳಗೆ ಬಂದಾಗ ನೋಟ ಕನ್ನಡಕದ ಕೆಳಭಾಗಕ್ಕೆ ಇಳಿಯಿತು, ಅಂದರೆ ಓದುವ ಗಾಜಿಗೆ. ಮೂರು ಮೀಟರ್ ದೂರದ ಟಿವಿಯನ್ನು ಪೇಪರ್ ಓದುವ ಗಾಜಿನಲ್ಲಿ ನೋಡಿದರೆ ಮಸುಕಾಗದೆ ಇನ್ನೇನು? ಕನ್ನಡಕ ಜಾರಿಸುತ್ತಿದ್ದದ್ದು ಮೇಲಿನ ಗಾಜನ್ನು ಕಣ್ಣಿನ ಮುಂದೆ ತರುವುದಕ್ಕೆ. ಯಾರೂ ಹೇಳಿಕೊಡದೆ ಕೈ ತಾನಾಗಿ ಕಂಡುಕೊಂಡ ಉಪಾಯ.

ಹೀಗೆ ಒಂದೇ ಗೋಡೆ, ಒಂದೇ ಟಿವಿ, ಅಮ್ಮನಿಗೆ ಕೆಳಗೆ ಬೇಕು, ಅಪ್ಪನಿಗೆ ಮೇಲೆ ಬೇಕು. ನಾನು ಒಂದು ಪೂರ್ತಿ ದಿನ ಇದನ್ನು ಗೋಡೆಯ ಮೇಲೆ ಬಗೆಹರಿಸಲು ನೋಡಿದೆ. 130 ಇಟ್ಟರೆ? ಅಮ್ಮನಿಗೆ ಮೇಲಂಚು 158ಕ್ಕೆ ಹೋಗುತ್ತದೆ, 19 ಡಿಗ್ರಿ. ಆಗದು. ಎಳೆದರೆ ಮುಂದೆ ಬರುವ, ಬೇಕಾದ ಕಡೆ ತಿರುಗುವ ತೋಳಿನ ಬ್ರಾಕೆಟ್? ಅದು ಪಕ್ಕಕ್ಕೆ ತಿರುಗುತ್ತದೆ, ಮೇಲೆ ಕೆಳಗೆ ಹೋಗುವುದಿಲ್ಲ. ಜೊತೆಗೆ ಗೋಡೆಯ ಮೇಲೆ ಬೀಳುವ ಎಳೆತ ಬೇರೆ. ಟಿವಿ 8 ಕಿಲೋ, ತೋಳಿನದು 2 ಕಿಲೋ ಅಂದುಕೊಳ್ಳಿ. ಆ 10 ಕಿಲೋ ಗೋಡೆಯಿಂದ 40 ಸೆಂಟಿಮೀಟರ್ ಮುಂದಕ್ಕೆ ನಿಂತರೆ, ಪ್ಲೇಟಿನ ಮೇಲಿನ ಮತ್ತು ಕೆಳಗಿನ ಬೋಲ್ಟಿನ ನಡುವೆ 20 ಸೆಂಟಿಮೀಟರ್ ಇದ್ದರೆ, ಮೇಲಿನ ಬೋಲ್ಟುಗಳನ್ನು 20 ಕಿಲೋದಷ್ಟು ಬಲ ಹೊರಗೆ ಕೀಳುತ್ತಿರುತ್ತದೆ. ಕಾಂಕ್ರೀಟ್ ಗೋಡೆಗೆ ಅದು ಲೆಕ್ಕಕ್ಕಿಲ್ಲ. ಜಂಬಿಟ್ಟಿಗೆಗೆ ನಾನು ಆ ಧೈರ್ಯ ಮಾಡಲಿಲ್ಲ.

ದಾರಿ ಸಿಕ್ಕಿದ್ದು ಕುರ್ಚಿಯಲ್ಲಿ. ಬಟ್ಟೆ ಹಾಕಿದ ಹಳೆ ಕಾಲದ ಆರಾಮ ಕುರ್ಚಿ ಅದು. ಹಿಂದಿನ ಆಸರೆ ಕೂರಲು ಮೂರು ಕಚ್ಚುಗಳಿವೆ. ಅಪ್ಪ ಕೊನೆಯ ಕಚ್ಚಿಗೆ ಹಾಕಿ ಮಲಗಿದ ಹಾಗೇ ಕೂರುತ್ತಿದ್ದರು. ಒಂದು ಕಚ್ಚು ಮುಂದಕ್ಕೆ ತಂದೆ. ತಲೆ ಅಷ್ಟು ನೆಟ್ಟಗಾಯಿತು, ಕಣ್ಣು 92ರಿಂದ 99ಕ್ಕೆ ಏರಿತು. ಕನ್ನಡಕ ಮೂಗಿನ ಮೇಲೆ ಅದರ ಜಾಗದಲ್ಲೇ ನಿಂತಿತು. ಇನ್ನೊಂದು ಲಾಭವನ್ನು ನಾನು ಎಣಿಸಿರಲಿಲ್ಲ. ಅಪ್ಪನ ನೋಟದ ದಾರಿಯಲ್ಲಿ ಅಮ್ಮ ಕೂರುತ್ತಾಳೆ. ಮೊದಲು ಅಪ್ಪನ ಕಣ್ಣಿನಿಂದ ಟಿವಿಯ ಕೆಳಅಂಚಿಗೆ ಗೆರೆ ಎಳೆದರೆ ಅದಕ್ಕೂ ಅಮ್ಮನ ನೆತ್ತಿಗೂ ನಡುವೆ ಐದು ಸೆಂಟಿಮೀಟರ್ ಇತ್ತು. ತುರುಬು ಕಟ್ಟಿದ ದಿನ ಅದೂ ಇಲ್ಲ. ಈಗ ಹತ್ತಕ್ಕಿಂತ ಜಾಸ್ತಿ ಇದೆ.

ಎರಡನೇ ರಾತ್ರಿ ಮೇಜಿನ ಮೇಲೆ ಟಿವಿ ಕಾಲಿನ ಕೆಳಗೆ ಹಳೆ ಟೆಲಿಫೋನ್ ಡೈರೆಕ್ಟರಿಗಳನ್ನು ಇಟ್ಟು ಐದು ಸೆಂಟಿಮೀಟರ್ ಏರಿಸಿದೆ. ನಡುಮಧ್ಯ 115. ಅಮ್ಮನಿಗೆ ನಡುಮಧ್ಯ ಹತ್ತು ಡಿಗ್ರಿಯೊಳಗೆ, ಮೇಲಂಚು 16. ಅಪ್ಪನಿಗೆ ನಡುಮಧ್ಯ ಮೂರೇ ಡಿಗ್ರಿ. ಇಬ್ಬರೂ ಏನೂ ಹೇಳದೆ ಎರಡು ಗಂಟೆ ನೋಡಿದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಪೆನ್ಸಿಲ್‌ನಲ್ಲಿ ಗೋಡೆಗೆ ಗೆರೆ ಹಾಕಿದೆ.

ಗೆರೆ ಹಾಕಿದ ಮೇಲೆ ಒಂದು ಕೈಗನ್ನಡಿ ತಂದು ಅದೇ ಜಾಗದಲ್ಲಿ ಗೋಡೆಗೆ ಹಿಡಿದು ಅಪ್ಪನ ಕುರ್ಚಿಯಿಂದ ನೋಡಲು ಮಗಳಿಗೆ ಹೇಳಿದೆ. ಕನ್ನಡಿಯಲ್ಲಿ ಏನು ಕಾಣುತ್ತದೋ ಟಿವಿ ಆಫ್ ಆದಾಗ, ಕತ್ತಲ ದೃಶ್ಯ ಬಂದಾಗ ಅದೇ ಕಾಣುವುದು. "ಕಿಟಕಿ!" ಎಂದು ಕೂಗಿದಳು. ಎದುರು ಗೋಡೆಯ ಕಿಟಕಿ ಪೂರ್ತಿ. ಟಿವಿ ಮೇಲಿದ್ದಾಗ ಈ ತಾಪತ್ರಯ ಇರಲಿಲ್ಲ. ಕನ್ನಡಿಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿದರೆ ಕಿಟಕಿ ಮಾಯವಾಗಿ ನೆಲ ಕಂಡಿತು. ಟಿವಿ ಐದು ಡಿಗ್ರಿ ಬಗ್ಗಿದರೆ ಪ್ರತಿಬಿಂಬ ಹತ್ತು ಡಿಗ್ರಿ ಕೆಳಗೆ ಸರಿಯುತ್ತದೆ. ಹಾಗಾಗಿ ಗೋಡೆಗೆ ಅಂಟಿಕೊಳ್ಳುವ ಬ್ರಾಕೆಟ್ ಬದಲು ಮುಂದಕ್ಕೆ ಬಗ್ಗಿಸಬಹುದಾದ ಬ್ರಾಕೆಟ್ ತಂದೆ. ಅಷ್ಟಾದರೂ ಟಿವಿಯ ಮೇಲಿನ ಮೂರನೇ ಒಂದು ಭಾಗದಲ್ಲಿ ಮಧ್ಯಾಹ್ನ ಕಿಟಕಿ ಹೊಳೆಯುತ್ತದೆ. ಕ್ರಿಕೆಟ್ ಇದ್ದ ದಿನ ಅಪ್ಪ ಪರದೆ ಎಳೆದುಕೊಳ್ಳುತ್ತಾರೆ.

ನಾಲ್ಕನೇ ದಿನ ಹಳೆ ಬ್ರಾಕೆಟ್ ಬಿಚ್ಚಿದೆ. ನಾಲ್ಕು ಸ್ಕ್ರೂಗಳಲ್ಲಿ ಒಂದು ಬೆರಳಲ್ಲೇ ತಿರುಗಿ ಬಂತು. ಪ್ಲಗ್ಗಿನ ಸುತ್ತ ಹಳದಿ ಪುಡಿ. ಎರಡು ವರ್ಷ ಟಿವಿ ನಿಂತದ್ದು ಉಳಿದ ಮೂರರ ಮೇಲೆ. ಅದರಲ್ಲೂ ಒಂದು ಮಾತ್ರ ಎಷ್ಟು ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ, ಬಿಟ್ಟೆ.

ಜಂಬಿಟ್ಟಿಗೆಯ ಸ್ವಭಾವ ಗೊತ್ತಿಲ್ಲದೆ ಡ್ರಿಲ್ ಹಿಡಿದರೆ ಹೀಗೇ ಆಗುವುದು. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮೇಲೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸುತ್ತಿ 1807ರಲ್ಲಿ ಪ್ರವಾಸದ ವಿವರ ಅಚ್ಚು ಹಾಕಿಸಿದವನು. ಆ ಹೆಸರಿನ ಲ್ಯಾಟಿನ್ ಮೂಲಕ್ಕೆ ಇಟ್ಟಿಗೆ ಎಂದೇ ಅರ್ಥ. ನಮ್ಮವರ ಹೆಸರಿನಲ್ಲೂ ಇಟ್ಟಿಗೆ ಇದೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವ ಕಲ್ಲು. ಆದರೆ ಒಳಗೆಲ್ಲ ಜೇನುಗೂಡಿನ ಹಾಗೆ ತೂತುಗಳು, ಕೆಲವು ತೂತಿನಲ್ಲಿ ಹಳದಿ ಮೆತ್ತನೆ ಮಣ್ಣು. ಹ್ಯಾಮರ್ ಮೋಡಿನಲ್ಲಿ ಡ್ರಿಲ್ ಮಾಡಿದರೆ ತೂತಿನ ಸುತ್ತಲ ಗೋಡೆಗಳೇ ಪುಡಿಯಾಗುತ್ತವೆ, ಪ್ಲಗ್ಗಿಗೆ ಹಿಡಿತ ಸಿಗುವುದಿಲ್ಲ. ಹ್ಯಾಮರ್ ಆಫ್ ಮಾಡಿ, ನಿಧಾನಕ್ಕೆ, ಸುಮ್ನೆ ತಿರುಗಿಸುತ್ತಾ ಹೋಗಬೇಕು. ಬೀಳುವ ಪುಡಿಯನ್ನು ನೋಡುತ್ತಿರಬೇಕು. ಮೊದಲು ಬೂದು ಬಣ್ಣ, ಅದು ಗಾರೆ. ಆಮೇಲೆ ಒರಟಾದ ಕೆಂಪು, ಅದು ಕಲ್ಲು, ಅದೇ ಬೇಕಾದ್ದು. ಹಳದಿ ಬಂದು ಡ್ರಿಲ್ ಸರ್ರನೆ ಒಳಗೆ ಹೋಯಿತೆಂದರೆ ಪೊಳ್ಳು, ಇಲ್ಲವೇ ಎರಡು ಕಲ್ಲಿನ ನಡುವಿನ ಮಣ್ಣಿನ ಸಂದು. ಆ ತೂತನ್ನು ಮರೆತುಬಿಡಬೇಕು.

ಬ್ರಾಕೆಟ್ಟಿನ ತೂತುಗಳು ಇಂಥ ಕಡೆಯೇ ಬರಬೇಕು, ಆದರೆ ಕಲ್ಲು ಎಲ್ಲಿ ಗಟ್ಟಿ ಇದೆಯೋ ಯಾರಿಗೆ ಗೊತ್ತು? ಅದಕ್ಕೆ ನಡುವೆ ಒಂದು ಹಲಗೆ ಹಾಕಿದೆ. 18 ಮಿಲಿಮೀಟರ್ ಪ್ಲೈವುಡ್, 60ಕ್ಕೆ 45 ಸೆಂಟಿಮೀಟರ್. ಮಲೆನಾಡಿನ ಮಳೆಗೆ ಗೋಡೆ ಬೆವರುವುದರಿಂದ ಅಂಗಡಿಯಲ್ಲಿ ಐಎಸ್ 710 ಗುರುತಿರುವ ಮರೀನ್ ಪ್ಲೈವುಡ್ಡೇ ಕೇಳಿ ತಂದೆ, ಅಂಚಿಗೆಲ್ಲ ಪೇಂಟ್ ಹೊಡೆದೆ. ಹಲಗೆಯನ್ನು ಗೋಡೆಗೆ ಎಂಟು ಕಡೆ ಸ್ಕ್ರೂ ಹಾಕಿ ಕೂರಿಸುವುದು, ಬ್ರಾಕೆಟ್ಟನ್ನು ಹಲಗೆಗೆ. ಎಂಟರಲ್ಲಿ ಎರಡು ಕೈಕೊಟ್ಟರೂ ಆರು ಹಿಡಿಯುತ್ತವೆ. ಕೊಟ್ಟವು ಕೂಡ: ಒಂದು ಪೊಳ್ಳಿಗೆ, ಒಂದು ಸಂದಿಗೆ. ಪಕ್ಕದಲ್ಲಿ ಮೂರು ಬೆರಳು ಬಿಟ್ಟು ಬೇರೆ ಹೊಡೆದೆ. ಸ್ಕ್ರೂ ಮೂರೂವರೆ ಇಂಚಿನದು, ಪ್ಲಗ್ಗು 10 ಮಿಲಿಮೀಟರಿನದು. ಪ್ಲಗ್ಗನ್ನು ಗಾರೆಯ ಮಟ್ಟಕ್ಕೇ ನಿಲ್ಲಿಸದೆ ಹಳೆ ಮೊಳೆಯಿಂದ ಬಡಿದು ಕಲ್ಲಿನೊಳಗೆ ಇಳಿಸಿದೆ. ಗಾರೆ ಬರೀ ಅಂಗಿ, ಭಾರ ಹೊರುವುದು ಕಲ್ಲು. ಇನ್ನು ಗೋಡೆಯೊಳಗಿನ ವೈರಿಂಗ್. ನಮ್ಮದು ಹಳೆ ಮನೆ, ವೈರೆಲ್ಲ ಮರದ ಪಟ್ಟಿಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಓಡುತ್ತದೆ. ಪೈಪು ಗೋಡೆಯೊಳಗೆ ಇರುವ ಹೊಸ ಮನೆಯಾದರೆ ಪಾಯಿಂಟಿನ ನೇರ ಮೇಲೂ ನೇರ ಕೆಳಗೂ ಡ್ರಿಲ್ ಹಿಡಿಯಬೇಡಿ. ಮೇನ್ ಸ್ವಿಚ್ ಅಂತೂ ನಾನೂ ಆಫ್ ಮಾಡಿದ್ದೆ. ಡ್ರಿಲ್ಲಿಗೆ ಕರೆಂಟ್ ಪಕ್ಕದ ಮನೆಯಿಂದ ಬಂತು.

ತೂತಿನ ಎತ್ತರದ ಲೆಕ್ಕದಲ್ಲೇ ತುಂಬಾ ಜನ ಎಡವುವುದು. 115 ಅಂದರೆ ಟಿವಿಯ ನಡುಮಧ್ಯ, ಬ್ರಾಕೆಟ್ಟಿನದಲ್ಲ. ಮಂಚದ ಮೇಲೆ ಕಂಬಳಿ ಹಾಸಿ ಟಿವಿಯನ್ನು ಬೋರಲು ಮಲಗಿಸಿ ಅಳೆದೆ. ಹಿಂದಿನ ನಾಲ್ಕು ತೂತುಗಳು 200ಕ್ಕೆ 200 ಮಿಲಿಮೀಟರಿನ ಚೌಕದಲ್ಲಿವೆ, ಆದರೆ ಆ ಚೌಕ ಟಿವಿಯ ನಡುವಲ್ಲಿಲ್ಲ. ಮೇಲಿನ ತೂತು ಮೇಲಂಚಿನಿಂದ 24 ಸೆಂಟಿಮೀಟರ್, ಕೆಳಗಿನದು 44. ಅಂದರೆ ಚೌಕದ ನಡು ಟಿವಿಯ ನಡುವಿಗಿಂತ 6 ಸೆಂಟಿಮೀಟರ್ ಕೆಳಗೆ. ಇದನ್ನು ನೋಡದೆ ಬ್ರಾಕೆಟ್ ನಡುವನ್ನೇ 115ಕ್ಕೆ ಇಟ್ಟಿದ್ದರೆ ಟಿವಿ 121ಕ್ಕೆ ಹೋಗುತ್ತಿತ್ತು, ಐದು ದಿನದ ಪಂಚಾಯಿತಿಯೆಲ್ಲ ನೀರಿಗೆ. ಟಿವಿಯ ಮೇಲಂಚು 143ಕ್ಕೆ ಬರಬೇಕು. ಅದರ ಹಿಂದೆ ಹಾಕಿದ ಪಟ್ಟಿಯ ಕೊಕ್ಕೆ ಮೇಲಂಚಿನಿಂದ 20.5 ಕೆಳಗೆ. ಹಾಗಾದರೆ ಕೊಕ್ಕೆ ಕೂರುವ ಜಾಗ 122.5. ಗೋಡೆಯ ಪ್ಲೇಟಿನ ತೂತು ಕೊಕ್ಕೆಗಿಂತ 2 ಕೆಳಗೆ, 120.5. ಈ ಲೆಕ್ಕವನ್ನು ಗೋಡೆಯ ಮೇಲೇ ಬರೆದೆ, ಹೇಗೂ ಟಿವಿ ಮುಚ್ಚುತ್ತದೆ.

ಹಲಗೆ ಕೂರಿಸಿ ಬ್ರಾಕೆಟ್ ಹಾಕಿದ ಮೇಲೆ ಟಿವಿ ಬದಲು 20 ಲೀಟರಿನ ನೀರಿನ ಕ್ಯಾನ್ ತುಂಬಿಸಿ ಹಗ್ಗ ಕಟ್ಟಿ ನೇತು ಹಾಕಿದೆ. ರಾತ್ರಿಯೆಲ್ಲ ಹಾಗೇ ಇತ್ತು. ಬೆಳಿಗ್ಗೆ ಹಲಗೆ ಮತ್ತು ಗೋಡೆಯ ಸಂದಿಗೆ ಪೋಸ್ಟ್‌ಕಾರ್ಡ್ ತೂರಿಸಿ ನೋಡಿದೆ, ಹೋಗಲಿಲ್ಲ.

ಐದನೇ ದಿನ ಟಿವಿ ಏರಿತು. ರಸಮಟ್ಟ ಇಟ್ಟರೆ ಗುಳ್ಳೆ ಸರಿಯಾಗಿ ನಡುವೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು "ಸೊಟ್ಟ ಇದೆ ಮಾರಾಯ" ಅಂದಳು. ಗುಳ್ಳೆ ತೋರಿಸಿದೆ. "ನಿನ್ ಗುಳ್ಳೆ ಸಮಾ ಇರ್ಬೋದು, ಟಿವಿ ಸೊಟ್ಟ ಇದೆ." ನಿಜವಾಗಿ ಸೊಟ್ಟ ಇರುವುದು ಅದರ ಮೇಲಿರುವ, ಡಬ್ಬಿ ಟಿವಿ ಕಾಲದ ಹಳೆ ಹಲಗೆ. ಆದರೆ ಅಷ್ಟು ಹತ್ತಿರ ಎರಡು ಗೆರೆ ಇದ್ದರೆ ಕಣ್ಣು ನಂಬುವುದು ರಸಮಟ್ಟವನ್ನಲ್ಲ, ಪಕ್ಕದ ಗೆರೆಯನ್ನು. ಎಡಗಡೆ ಮೂರು ಮಿಲಿಮೀಟರ್ ಏರಿಸಿದೆ. "ಈಗ ಸಮಾ ಆಯ್ತು" ಅಂದಳು.

ಪಾಯಿಂಟ್ ಈಗ ಟಿವಿಯ ಮೇಲಂಚಿಗಿಂತ 25 ಸೆಂಟಿಮೀಟರ್ ಮೇಲೆ ಉಳಿದಿದೆ. ಗೋಡೆ ಕೊರೆಯುವ ಉಸಾಬರಿ ಬೇಡವೆಂದು ಪಿವಿಸಿ ಪಟ್ಟಿ ಹಾಕಿ ವೈರ್ ಇಳಿಸಿದೆ. ನೋಡಲು ಅಷ್ಟು ಚೆಂದ ಇಲ್ಲ. ಬ್ರಾಕೆಟ್, ಪ್ಲೈವುಡ್, ಸ್ಕ್ರೂ, ಪಟ್ಟಿ ಎಲ್ಲ ಸೇರಿ 1,400 ರೂಪಾಯಿ ಚಿಲ್ಲರೆ ಆಯಿತು. ಮಗಳ ಕೈಗೆ ಟಿವಿ ಸಿಗುತ್ತದೆ ಅನ್ನುವುದೊಂದು ಉಳಿದಿದೆ. ಬೆರಳಿನ ಗುರುತು ಈಗಾಗಲೇ ನಾಲ್ಕಿವೆ.

ಮೇಲಿನ ಹಳೆ ತೂತುಗಳಲ್ಲಿ ಮೂರಕ್ಕೆ ಪುಟ್ಟಿ ಮೆತ್ತಿದೆ. ಬಾರದೆ ಉಳಿದ ಆ ಒಂದು ಸ್ಕ್ರೂವನ್ನು ಆಕ್ಸಾ ಬ್ಲೇಡಿನಲ್ಲಿ ಕೊಯ್ಯಲು ಸ್ಟೂಲ್ ಹತ್ತಿದ್ದೆ, ಅಮ್ಮ ತಡೆದಳು. ಗಟ್ಟಿ ಇದೆಯಲ್ಲ, ಇರಲಿ ಬಿಡು ಎಂದು ಅದಕ್ಕೆ ಕ್ಯಾಲೆಂಡರ್ ನೇತು ಹಾಕಿಸಿದಳು. ಈಗ ಬೆಳಿಗ್ಗೆ ರಾಹುಕಾಲ ನೋಡಬೇಕಾದರೆ ಆ ಮೂಲೆಗೆ ಹೋಗಿ, ಕನ್ನಡಕ ಹಾಕಿಕೊಂಡು, ಕತ್ತು ಪೂರ್ತಿ ಹಿಂದಕ್ಕೆ ಬಗ್ಗಿಸಿ ನಿಲ್ಲುತ್ತಾಳೆ. ಸ್ವಲ್ಪ ಕೆಳಗೆ ಹಾಕಲಾ ಅಂದೆ. ಬೇಡವಂತೆ, ಅಲ್ಲೇ ಚೆಂದ ಕಾಣುತ್ತದಂತೆ.